ಬೇಲ್ ಸಿಕ್ಕ ರಾತ್ರಿ, ಮತ್ತು ಆಮೇಲೆ: ಮುಂಬೈಯ ಒಂದು ಪ್ರಕರಣ ಅಧ್ಯಯನ

ನಶೆಯ ಚಟ, ಮನೋರೋಗ ಎರಡೂ ಇದ್ದ ವಿಚಾರಣಾಧೀನ ಕೈದಿಯೊಬ್ಬನ ಚಿಕಿತ್ಸೆಯ ಕತೆ ಇದು. ಈ ಪ್ರಕರಣದ ವ್ಯಕ್ತಿಯನ್ನು ಇಲ್ಲಿ ‘ತಮ್ಮ’ ಎಂದೇ ಕರೆದಿದೆ, ಅವನಿಗಾಗಿ ಓಡಾಡಿದವರನ್ನು ‘ಅಕ್ಕ’ ಎಂದು. ಊರು, ವಯಸ್ಸು, ಕಸುಬು, ಜೈಲು, ಆಸ್ಪತ್ರೆಗಳ ವಿವರವನ್ನು ಗುರುತು ಹತ್ತದಂತೆ ಮರೆಮಾಡಿದೆ ಅಥವಾ ಬದಲಿಸಿದೆ. ಔಷಧ, ಪ್ರಮಾಣ ಮತ್ತು ಒಂದಾದ ಮೇಲೊಂದು ನಡೆದದ್ದರ ಕ್ರಮವನ್ನು ಬದಲಿಸಿಲ್ಲ, ಯಾಕೆಂದರೆ ಕಲಿಯಬೇಕಾದದ್ದು ಇರುವುದು ಆ ಕ್ರಮದಲ್ಲೇ. ಇಲ್ಲಿರುವ ಮಿಲಿಗ್ರಾಂ ಲೆಕ್ಕ ಈ ಒಬ್ಬ ರೋಗಿಗೆ ಕೂಡಿಸಿದ್ದು. ಇನ್ನೊಬ್ಬರಿಗೆ ಅದನ್ನೇ ನಕಲು ಮಾಡುವಂತಿಲ್ಲ.

ಹಿನ್ನೆಲೆ

ತಮ್ಮನ ತಂದೆತಾಯಿ ಬರಗಾಲದ ವರ್ಷವೊಂದರಲ್ಲಿ ಕಲಬುರಗಿ ಕಡೆಯಿಂದ ಮುಂಬೈಗೆ ಬಂದವರು. ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹಿಡಿಯುವ ಬಿಗಾರಿ ಕೆಲಸ. ಮಕ್ಕಳಿಬ್ಬರೂ ಮಹಾನಗರಪಾಲಿಕೆಯ ಕನ್ನಡ ಶಾಲೆಗೆ ಹೋದರು. ಅಕ್ಕ ಏಳನೆಯವರೆಗೆ, ತಮ್ಮ ಐದನೆಯವರೆಗೆ. ಹದಿನಾರಕ್ಕೆ ಸೆಂಟ್ರಿಂಗ್ ಕೆಲಸ, ಹತ್ತೊಂಬತ್ತಕ್ಕೆ ಬ್ರೌನ್ ಶುಗರ್. ಮುಂಬೈಯ ಗಲ್ಲಿಗಳಲ್ಲಿ ಅದಕ್ಕೆ ಗರ್ದ್ ಎನ್ನುತ್ತಾರೆ, ಸೇದುವವನಿಗೆ ಗರ್ದುಲ್ಲಾ. ಪನ್ನಿಯ (ಲೋಹದ ತೆಳು ಹಾಳೆಯ) ಮೇಲೆ ಪುಡಿ ಇಟ್ಟು, ಕೆಳಗೆ ಕಡ್ಡಿ ಗೀರಿ, ಏಳುವ ಹೊಗೆಯನ್ನು ಕೊಳವೆಯಲ್ಲಿ ಎಳೆಯುವುದು. ಸೂಜಿ ಚುಚ್ಚಿಕೊಂಡವನಲ್ಲ. ಪುಡಿ ಸಿಗದ ದಿನ ‘ಬಟನ್’, ಅಂದರೆ ನೈಟ್ರಾಜೆಪಾಮ್ ಗುಳಿಗೆ. ಅದರ ಮೇಲೆ ದೇಶಿ ದಾರು.

ಇಪ್ಪತ್ನಾಲ್ಕರ ಸುಮಾರಿಗೆ, ತಾಯಿ ತೀರಿಕೊಂಡ ಮೇಲೆ, ದನಿಗಳು ಕೇಳಿಸತೊಡಗಿದವು. ಇದನ್ನು ಅವನು ಹತ್ತು ವರ್ಷ ಯಾರಿಗೂ ಹೇಳಲಿಲ್ಲ. ಹೊಗೆ ಎಳೆದಾಗ ದನಿ ಸಣ್ಣಗಾಗುತ್ತಿತ್ತು ಎಂಬುದು ಬಹಳ ತಡವಾಗಿ ತಿಳಿಯಿತು. ಎಂದರೆ ಅವನಿಗೆ ಗರ್ದ್ ನಶೆಯೂ ಆಗಿತ್ತು, ಮದ್ದೂ ಆಗಿತ್ತು.

ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಮೊಬೈಲ್ ಕದ್ದ ಆರೋಪದ ಮೇಲೆ ಬಂಧನ. ಒಂದೇ ಪ್ರಕರಣ, ಹಿಂದೆ ಯಾವ ಶಿಕ್ಷೆಯೂ ಆಗಿರಲಿಲ್ಲ. ಜಾಮೀನಿಗೆ ನಿಲ್ಲುವವರು ಇರಲಿಲ್ಲ, ಹಾಗಾಗಿ ವಿಚಾರಣಾಧೀನ ಕೈದಿಯಾಗಿ ಒಳಗೇ ಉಳಿದ. ದೇಶದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಮೂವರು ಇಂಥವರೇ. 2022ರ ಕೊನೆಗೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಶೇ 75.8. ಈ ಅಂಕಿ ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ್ದು. ಶಿಕ್ಷೆಯಾದವನ ಬಿಡುಗಡೆಯ ದಿನ ಮೊದಲೇ ಗೊತ್ತಿರುತ್ತದೆ. ವಿಚಾರಣಾಧೀನನ ಬಿಡುಗಡೆ ಯಾವ ಸಂಜೆ ಬೇಕಾದರೂ ಆಗಬಹುದು, ಬೆಳಿಗ್ಗೆ ಅವನಿಗೇ ಗೊತ್ತಿರುವುದಿಲ್ಲ.

ಮೊದಲ ಐದು ತಿಂಗಳು

ಒಳಗೆ ಹೋದ ಮೊದಲ ವಾರ ‘ಟರ್ಕಿ’, ಅಂದರೆ ಗರ್ದ್ ನಿಂತಾಗಿನ ನರಳಾಟ. ಮೈಕೈ ನೋವು, ಭೇದಿ, ಆಕಳಿಕೆ, ಮೂಗು ಸೋರುವುದು, ನಿದ್ದೆಗೇಡು. ನೋವಿನ ಗುಳಿಗೆ, ಭೇದಿ ನಿಲ್ಲುವ ಗುಳಿಗೆ ಕೊಟ್ಟರು. ಗರ್ದ್ ಬಗ್ಗೆ ಕೇಳಿದರು, ಬಟನ್ ಬಗ್ಗೆ ಕೇಳಲಿಲ್ಲ. ನಾಲ್ಕನೆಯ ದಿನ ಫಿಟ್ಸ್ ಬಂತು. ಗರ್ದ್ ನಿಂತರೆ ನರಕಯಾತನೆ, ಆದರೆ ಆರೋಗ್ಯವಂತ ದೇಹ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ನೈಟ್ರಾಜೆಪಾಮ್‌ನಂಥ ಗುಳಿಗೆಯನ್ನೋ ದಾರುವನ್ನೋ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಒಳಬರುವ ದಿನದ ತಪಾಸಣೆಯಲ್ಲಿ ‘ಏನು ಸೇದುತ್ತೀ’ ಎಂಬುದರ ಜೊತೆಗೆ ‘ಯಾವ ಗುಳಿಗೆ ನುಂಗುತ್ತೀ, ದಿನಕ್ಕೆಷ್ಟು, ಕಡೆಯದು ಯಾವಾಗ’ ಎಂದೂ ಕೇಳಬೇಕು. ಅವನ ಕಾಗದದಲ್ಲಿ ಅಪಸ್ಮಾರ ಎಂದು ಬರೆದರು. ಆ ತಪ್ಪು ಹಣೆಪಟ್ಟಿ ತಿಂಗಳುಗಟ್ಟಲೆ ಅವನ ಜೊತೆಗೇ ಓಡಾಡಿತು.

ಎರಡನೆಯ ತಿಂಗಳು ಮನೋವೈದ್ಯರು ಭೇಟಿಗೆ ಬಂದ ದಿನ ಹಿಂದಿಯಲ್ಲಿ ಕೇಳಿದ ಪ್ರಶ್ನೆ: ‘ಆವಾಜ್ ಆತೀ ಹೈ ಕ್ಯಾ?’ ಆವಾಜ್ ಎಂದರೆ ದನಿಯೂ ಹೌದು, ಸದ್ದೂ ಹೌದು. ‘ಆತೀ ಹೈ’ ಎಂದ. ‘ಕಬ್?’ ‘ರಾತ್ ಕೋ.’ ನೂರಾರು ಜನ ಒತ್ತಿಕೊಂಡು ಮಲಗುವ ಬ್ಯಾರಕ್ಕಿನಲ್ಲಿ ರಾತ್ರಿ ಯಾರಿಗೆ ಸದ್ದು ಕೇಳಿಸುವುದಿಲ್ಲ? ‘ಗದ್ದಲದಿಂದ ನಿದ್ದೆಯಿಲ್ಲ’ ಎಂದು ದಾಖಲಾಯಿತು. ಅದೇ ವಾರ ಮುಲಾಕಾತ್‌ಗೆ ಹೋದ ಅಕ್ಕನಿಗೆ ಗಾಜಿನಾಚೆಯಿಂದ ಫೋನು ಹಿಡಿದು ಅವನು ಹೇಳಿದ ಮಾತು ಬೇರೆ: ‘ಅಕ್ಕಾ, ಅವ್ವ ಕರೀಲತ್ತಾಳ. ಹೊಳಿ ದಂಡಿಗಿ ಬಾ ಅಂತಾಳ. ಇನ್ನೊಬ್ಬಾಂವ ಬ್ಯಾಡ ಅಂತಾನ, ಬೈತಾನ.’

ಅಕ್ಕ ಇದನ್ನು ತಮಗೆ ಬರುವ ಮರಾಠಿಯಲ್ಲಿ ಒಂದು ಅರ್ಜಿಯಾಗಿ ಬರೆಸಿ ಜೈಲಿನ ವೈದ್ಯಾಧಿಕಾರಿಗೆ ಕೊಟ್ಟರು. ಮುಂದಿನ ಭೇಟಿಯಲ್ಲಿ ಇಂಥ ದನಿಗಳನ್ನು ತಗ್ಗಿಸುವ ಮದ್ದು ರಿಸ್ಪೆರಿಡೋನ್ 2 ಮಿಲಿಗ್ರಾಂ ಶುರುವಾಗಿ 4ಕ್ಕೆ ಏರಿತು. ದನಿಗಳು ಕಡಿಮೆಯಾದವು. ರೋಗದ ಹೆಸರಿನ ಮುಂದೆ ಮಾತ್ರ ‘ನಶೆಯಿಂದಾದದ್ದು’ ಎಂದು ಸೇರಿತು.

ಬೇಲ್ ಸಿಕ್ಕ ರಾತ್ರಿ

ಐದನೆಯ ತಿಂಗಳಲ್ಲಿ ವೈಯಕ್ತಿಕ ಮುಚ್ಚಳಿಕೆಯ ಮೇಲೆ ಜಾಮೀನು ಸಿಕ್ಕಿತು. ಆದೇಶದ ಕಾಗದ ಜೈಲಿನ ಬಾಗಿಲಲ್ಲಿರುವ ಬೇಲ್ ಪೆಟ್ಟಿಗೆಗೆ ಹೊತ್ತಿಗೆ ಸರಿಯಾಗಿ ಬಿದ್ದರೆ ಅಂದೇ ಬಿಡುಗಡೆ, ಇಲ್ಲದಿದ್ದರೆ ಮಾರನೆಯ ದಿನ. ಅವನದು ಅಂದೇ ಆಯಿತು. ರಾತ್ರಿ ಎಂಟರ ಸುಮಾರಿಗೆ ಗೇಟಿನ ಹೊರಗೆ ನಿಂತಾಗ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚೀಲ: ಬಟ್ಟೆ, ಚಪ್ಪಲಿ, ಬ್ಯಾಟರಿ ಸತ್ತ ಫೋನು. ಗುಳಿಗೆ ಇಲ್ಲ, ಔಷಧ ಚೀಟಿ ಇಲ್ಲ. ಜೈಲಿನ ಆಸ್ಪತ್ರೆಯ ಬಾಗಿಲು ಅಷ್ಟೊತ್ತಿಗೆ ಹಾಕಿತ್ತು. ಅಕ್ಕನಿಗೆ ಸುದ್ದಿಯೇ ಇರಲಿಲ್ಲ.

ಎರಡನೆಯ ರಾತ್ರಿ ಹಳೆಯ ಅಡ್ಡಾದಲ್ಲಿ ಹಳೆಯ ಲೆಕ್ಕದಷ್ಟೇ ಸೇದಿದ, ಮೇಲೆ ಎರಡು ಬಟನ್, ಕಾಲು ಬಾಟಲಿ ದೇಶಿ. ಹಳಿಗಳ ಪಕ್ಕ ಬಿದ್ದವನನ್ನು ಯಾರೋ ನೋಡಿ 108ಕ್ಕೆ ಕರೆ ಮಾಡಿದರು. ತುಟಿ ನೀಲಿ, ನಿಮಿಷಕ್ಕೆ ಐದಾರು ಉಸಿರು, ಕಣ್ಣ ಪಾಪೆ ಸೂಜಿಮೊನೆಯಷ್ಟು. ಆಸ್ಪತ್ರೆಯಲ್ಲಿ ನಾಲೋಕ್ಸೋನ್ ಕೊಟ್ಟು ಉಸಿರು ಹಿಡಿದರು.

ಐದು ತಿಂಗಳು ಮುಟ್ಟದ ದೇಹ ಹಳೆಯ ಅಳತೆಯನ್ನು ತಾಳುವುದಿಲ್ಲ. ತಾಳಿಕೆ ಇಳಿಯಲು ಕೆಲವೇ ವಾರ ಸಾಕು. ಕೈಯ ಅಂದಾಜು ಮಾತ್ರ ಹಳೆಯದೇ ಉಳಿದಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೈಲಿನಿಂದ ಹೊರಬಂದ ಮೊದಲ ಎರಡು ವಾರಗಳ ಸಾವಿನ ಅಪಾಯ ಉಳಿದ ಜನರಿಗಿಂತ 12.7 ಪಟ್ಟು ಇತ್ತು. ಅಮಲು ಪದಾರ್ಥ ಅತಿಯಾಗಿ ಸಾಯುವ ಅಪಾಯ 129 ಪಟ್ಟು. ಇದರಲ್ಲಿ ಒಂದು ಸೂಕ್ಷ್ಮ ಸಂಗತಿ ಇದೆ. ನಾಲೋಕ್ಸೋನ್ ಗರ್ದ್‌ನ ಪರಿಣಾಮವನ್ನು ಮಾತ್ರ ಬಿಡಿಸುತ್ತದೆ, ಬಟನ್ನಿನದನ್ನೂ ದಾರುವಿನದನ್ನೂ ಅಲ್ಲ. ಅದರ ಕೆಲಸ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಮುಗಿದುಹೋಗುವುದರಿಂದ, ಕಣ್ಣು ಬಿಟ್ಟ ಎಂದು ರೋಗಿಯನ್ನು ಕಳಿಸಿಬಿಟ್ಟರೆ ದಾರಿಯಲ್ಲಿ ಮತ್ತೆ ಉಸಿರು ನಿಲ್ಲಬಹುದು. ಈ ಆಸ್ಪತ್ರೆ ರಾತ್ರಿಯಿಡೀ ಇಟ್ಟುಕೊಂಡದ್ದು ಅವನ ಜೀವ ಉಳಿಸಿತು.

ಬೆಳಿಗ್ಗೆ ವ್ಯಸನಮುಕ್ತಿ ವಿಭಾಗಕ್ಕೆ ಚೀಟಿ ಬರೆದರು. ಅಲ್ಲಿ: ‘ದನಿ ಕೇಳಿಸುತ್ತವಂತೆ, ಮೊದಲು ಮನೋವಿಭಾಗಕ್ಕೆ ತೋರಿಸಿ.’ ಮನೋವಿಭಾಗದಲ್ಲಿ: ‘ಮೂತ್ರದಲ್ಲಿ ಮಾರ್ಫಿನ್ ಇದೆ, ಮೊದಲು ನಶೆ ಬಿಡಿಸಿಕೊಂಡು ಬನ್ನಿ.’ ಗರ್ದ್ ಸೇದಿದ್ದು ಮೂತ್ರದಲ್ಲಿ ಮಾರ್ಫಿನ್ ಆಗಿ ಕಾಣಿಸುತ್ತದೆ. ಎರಡು ಕಟ್ಟಡಗಳ ನಡುವೆ ಅಕ್ಕ ಅವನನ್ನು ಕರೆದುಕೊಂಡು ಮೂರು ಸಲ ನಡೆದರು. ನಾಲ್ಕನೆಯ ಸಲಕ್ಕೆ ಅವನು ಅಕ್ಕನ ಕೈ ಬಿಡಿಸಿಕೊಂಡು ಹೋಗಿಬಿಟ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕಾನೂನು ಒಂದೇ ಬಾಗಿಲು ತೆರೆದಿದೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಮಾತ್ರ ಅದು ಎರಡಾಗಿ ಉಳಿದಿದೆ. ಈ ಪ್ರಕರಣದಲ್ಲಿ ಅತಿ ದುಬಾರಿಯಾದದ್ದು ಈ ಒಂದು ಬೆಳಗು.

ಆರು ವಾರ ಬೀದಿ. ಕೋರ್ಟಿನ ತಾರೀಖು ತಪ್ಪಿತು, ಜಾಮೀನುರಹಿತ ವಾರಂಟ್ ಹೊರಟಿತು, ಮತ್ತೆ ಒಳಗೆ.

ಎರಡನೆಯ ಸಲ: ರೋಗ ಯಾವುದು?

ಈ ಸಲ ಅಕ್ಕ ಜೈಲಿನ ಮುಲಾಕಾತ್‌ಗೆ ಬರುವ ಮೊದಲು ಒಂದು ಚಿಕಿತ್ಸಾ ತಂಡವನ್ನು ಹುಡುಕಿಕೊಂಡಿದ್ದರು: ಒಬ್ಬ ಮನೋವೈದ್ಯ, ಒಬ್ಬ ಸಮಾಜಕಾರ್ಯಕರ್ತೆ, ಕಾನೂನು ಸೇವಾ ಪ್ರಾಧಿಕಾರದಿಂದ ಬಂದ ಒಬ್ಬ ವಕೀಲರು. ಬಂಧನದಲ್ಲಿರುವ ಯಾರಿಗಾದರೂ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿದೆ, ಆದಾಯದ ಪ್ರಶ್ನೆ ಬರುವುದಿಲ್ಲ.

ತಂಡ ಮಾಡಿದ ಮೊದಲ ಕೆಲಸ, ಹಳೆಯ ಜೈಲು ದಾಖಲೆಯ ನಕಲು ತರಿಸಿಕೊಂಡದ್ದು. ಅದರಲ್ಲಿ ಎಲ್ಲರೂ ಕಡೆಗಣಿಸಿದ್ದ ಒಂದು ಸಾಲು ಇತ್ತು: ಬಂಧನದ ಒಂಬತ್ತನೆಯ ವಾರ, ಯಾವ ನಶೆಯೂ ಇಲ್ಲದಿರುವಾಗ, ರಿಸ್ಪೆರಿಡೋನ್ ಶುರುವಾಗುವ ಮೊದಲು, ‘ಒಬ್ಬನೇ ಮಾತಾಡುತ್ತಾನೆ’ ಎಂದು ಬ್ಯಾರಕ್ ವಾರ್ಡನ್ ಹೇಳಿದ್ದನ್ನು ಯಾರೋ ಬರೆದಿದ್ದರು. ನಶೆಯಿಂದಾದ ಚಿತ್ತವಿಕಲತೆ ನಶೆ ನಿಂತ ಸುಮಾರು ಒಂದು ತಿಂಗಳಲ್ಲಿ ಬಹುಪಾಲು ಇಳಿಯಬೇಕು. ಎರಡು ತಿಂಗಳಾದರೂ ದನಿ ಇದೆ ಎಂದರೆ ಕಾಯಿಲೆ ತನ್ನ ಕಾಲ ಮೇಲೆ ತಾನು ನಿಂತಿದೆ. ಹೊರಗೆ ಇಂಥ ‘ನಶೆಯಿಲ್ಲದ ಎರಡು ತಿಂಗಳು’ ಎಂದೂ ಸಿಗುವುದಿಲ್ಲ. ಆದ್ದರಿಂದಲೇ ಜೈಲಿನ ದಾಖಲೆ ರೋಗನಿರ್ಣಯಕ್ಕೆ ಚಿನ್ನದಂಥ ಸಾಕ್ಷಿ. ರೋಗದ ಹೆಸರು ಸ್ಕಿಜೋಫ್ರೇನಿಯ ಎಂದು ಬದಲಾಯಿತು. ಅಪಸ್ಮಾರದ ಹಣೆಪಟ್ಟಿ ತೆಗೆದುಹಾಕಿ, ಅದಕ್ಕಾಗಿ ಕೊಡುತ್ತಿದ್ದ ಗುಳಿಗೆ ನಿಧಾನವಾಗಿ ನಿಲ್ಲಿಸಿದರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಕಲಮಿನಂತೆ ತಮ್ಮ ತನ್ನ ನಾಮನಿರ್ದೇಶಿತ ಪ್ರತಿನಿಧಿಯಾಗಿ ಅಕ್ಕನ ಹೆಸರು ಬರೆದುಕೊಟ್ಟ. ಅಂದಿನಿಂದ ಅಕ್ಕ ಕಿಟಕಿಯ ಮುಂದೆ ಕೈಮುಗಿದು ನಿಲ್ಲಬೇಕಾಗಿರಲಿಲ್ಲ, ಕಾಗದ ತೋರಿಸಿ ಕೇಳಬಹುದಿತ್ತು.

ರಿಸ್ಪೆರಿಡೋನ್ 4 ಮತ್ತೆ ಶುರು. ಎರಡು ತಿಂಗಳು ಚೆನ್ನಾಗಿಯೇ ಇದ್ದ.

ಎರಡು ಫೈಲು ಅಕ್ಕಪಕ್ಕ

ನಾಲ್ಕನೆಯ ತಿಂಗಳ ಮೊದಲಿಗೆ ಕೆಮ್ಮು, ಸಂಜೆ ಜ್ವರ. ಕಫದ ಪರೀಕ್ಷೆಯಲ್ಲಿ ಕ್ಷಯ. ತೂಕ 51 ಕಿಲೋ, ಹಾಗಾಗಿ ದಿನಕ್ಕೆ ನಾಲ್ಕು ಕೂಡುಗುಳಿಗೆ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಎರಡು ತಿಂಗಳು ಈ ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು.

ಎರಡು ವಾರ ಕಳೆಯುವಷ್ಟರಲ್ಲಿ ದನಿಗಳು ಪೂರ್ತಿಯಾಗಿ ಮರಳಿದವು. ಊಟದಲ್ಲಿ ವಿಷ ಹಾಕುತ್ತಾರೆ ಎಂದು ತಟ್ಟೆ ಎಸೆದ. ಗುಳಿಗೆ ಬಾಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದಾನೆ ಎಂದೇ ಎಲ್ಲರೂ ತಿಳಿದರು. ಜೈಲಿನಲ್ಲಿ ಇದು ನಡೆಯುವುದುಂಟು, ಅನುಮಾನ ತಪ್ಪಲ್ಲ. ಗುಳಿಗೆ ನುಂಗಿಸಿ ಬಾಯಿ ತೆರೆಸಿ ನಾಲಗೆ ಎತ್ತಿಸಿ ನೋಡತೊಡಗಿದರು. ರಿಸ್ಪೆರಿಡೋನ್ 6, ಆಮೇಲೆ 8. ಏನೂ ಫಲವಿಲ್ಲ.

ಕ್ಷಯದ ಫೈಲು ಒಂದು ಕಪಾಟಿನಲ್ಲಿ, ಮನೋರೋಗದ್ದು ಇನ್ನೊಂದರಲ್ಲಿ. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ತಾರೀಖು ಹೋಲಿಸಿದ ದಿನ ವಿಷಯ ಬಿಡಿಸಿಕೊಂಡಿತು. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಎಬ್ಬಿಸುತ್ತದೆ; ಎದ್ದ ಕಿಣ್ವ ಉಳಿದ ಹಲವು ಔಷಧಗಳನ್ನು ಬಹಳ ಬೇಗ ಕರಗಿಸಿ ಹೊರಹಾಕುತ್ತದೆ. ಈ ಪರಿಣಾಮ ಒಂದೆರಡು ವಾರದಲ್ಲಿ ತುತ್ತತುದಿ ಮುಟ್ಟುತ್ತದೆ. ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್ ಎರಡೂ ಈ ಹೊಡೆತಕ್ಕೆ ಸಿಗುತ್ತವೆ. ತಮ್ಮ ಒಂದು ಗುಳಿಗೆಯನ್ನೂ ಉಗುಳಿರಲಿಲ್ಲ. ಐಸೋನಿಯಾಜಿಡ್ ಕೂಡ ಅಪರೂಪಕ್ಕೆ ಚಿತ್ತ ಕೆಡಿಸುತ್ತದೆ. ಅದನ್ನು ತಡೆಯಲು ಕೊಡುವ ಬಿ6 ವಿಟಮಿನ್, ಪೈರಿಡಾಕ್ಸಿನ್, ಜೊತೆಗಿದೆ ಎಂದು ಖಚಿತಪಡಿಸಿಕೊಂಡರು. ಕ್ಷಯದ ಮದ್ದನ್ನು ತಡೆಯುವ ಮಾತೇ ಇರಲಿಲ್ಲ.

ಮೂತ್ರದ ಮೂಲಕವೇ ಬಹುಪಾಲು ಹಾಗೇ ಹೊರಹೋಗುವ, ಯಕೃತ್ತಿನ ಕಿಣ್ವಕ್ಕೆ ಹೆಚ್ಚು ಸಿಗದ ಅಮಿಸಲ್‌ಪ್ರೈಡ್ ರಿಸ್ಪೆರಿಡೋನ್ ಬದಲಿಗೆ ಆಯ್ಕೆಯಾಯಿತು. ಮೊದಲು ಇಸಿಜಿ, ಮೂತ್ರಪಿಂಡದ ಪರೀಕ್ಷೆ. ಎಸ್ಕಾರ್ಟ್ ಪೊಲೀಸರು ಸಿಕ್ಕಿ ಹೊರಗಿನ ಆಸ್ಪತ್ರೆಗೆ ಹೋಗಿಬರಲು ಹದಿನೇಳು ದಿನ ಹಿಡಿಯಿತು. 200ರಿಂದ ಶುರುಮಾಡಿ, ಬೆಳಿಗ್ಗೆ 200 ರಾತ್ರಿ 400ಕ್ಕೆ ನಿಂತಿತು. ಮೂರನೆಯ ವಾರ ಅಕ್ಕನ ಮುಲಾಕಾತ್‌ನಲ್ಲಿ ಅವನು ಮೊದಲ ಸಲ ಅಕ್ಕನ ಮಗಳ ಪರೀಕ್ಷೆ ಹೇಗಾಯಿತು ಎಂದು ಕೇಳಿದ.

ಬಿಡುಗಡೆಯ ದಿನವನ್ನು ಲೆಕ್ಕ ಹಾಕುವುದು

ವಿಚಾರಣಾಧೀನನ ಬಿಡುಗಡೆ ಹೇಳಿಕೇಳಿ ಬರುವುದಿಲ್ಲ ನಿಜ, ಆದರೆ ಒಂದು ದಿನವನ್ನು ಲೆಕ್ಕ ಹಾಕಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಹಿಂದೆ ಎಂದೂ ಶಿಕ್ಷೆಯಾಗದವನು ಆರೋಪದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡಬೇಕೆನ್ನುತ್ತದೆ; ಉಳಿದವರಿಗೆ ಅರ್ಧ. ಅರ್ಜಿ ಹಾಕುವ ಹೊಣೆ ಜೈಲಿನ ಸೂಪರಿಂಟೆಂಡೆಂಟರದು. ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ, ಆದ್ದರಿಂದ ತಮ್ಮನಿಗೆ ಹನ್ನೆರಡು ತಿಂಗಳು. ಮೊದಲಿನ ಐದು ತಿಂಗಳೂ ಲೆಕ್ಕಕ್ಕೆ ಬಂತು. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೆ, ಮರಣದಂಡನೆ ಅಥವಾ ಜೀವಾವಧಿ ಬರಬಹುದಾದ ಆರೋಪವಿದ್ದವರಿಗೆ ಈ ದಾರಿ ಇಲ್ಲ. ತಾರೀಖು ತಪ್ಪಿಸಿದ್ದಕ್ಕೆ ಸರ್ಕಾರಿ ವಕೀಲರು ಆಕ್ಷೇಪ ಎತ್ತಿದಾಗ, ಆ ವಾರದ ಆಸ್ಪತ್ರೆಯ ಕಾಗದ ಕೆಲಸಕ್ಕೆ ಬಂತು. ಕಾಗದ ಕೂಡಿಸುವುದರಲ್ಲಿ ಮೂರು ವಾರ ಹೆಚ್ಚೇ ಹಿಡಿದರೂ, ಯಾವ ವಾರದಲ್ಲಿ ಹೊರಬರುತ್ತಾನೆ ಎಂಬುದು ಎರಡು ತಿಂಗಳು ಮೊದಲೇ ಗೊತ್ತಿತ್ತು.

ಆ ಎರಡು ತಿಂಗಳಲ್ಲಿ ಕೂತು ತೀರ್ಮಾನಿಸಬೇಕಾದ ದೊಡ್ಡ ಪ್ರಶ್ನೆ ಗರ್ದ್‌ನದು. ದೇಹದಲ್ಲಿ ಈಗ ಅಮಲಿಲ್ಲ, ಟರ್ಕಿ ಇಲ್ಲ. ಹಾಗಿದ್ದರೆ ನಾಲ್ಟ್ರೆಕ್ಸೋನ್ 50 ಮಿಲಿಗ್ರಾಂ ದಿನಾ ನುಂಗಿಸಿದರೆ ಸಾಕಲ್ಲ? ಸೇದಿದರೂ ಏರುವುದಿಲ್ಲ. ಕಾಗದದ ಮೇಲೆ ಇದು ಒಪ್ಪುವ ಮಾತು. ಆದರೆ ಈ ಗುಳಿಗೆಯನ್ನು ಎರಡು–ಮೂರು ದಿನ ಬಿಟ್ಟರೆ ತಡೆ ಹೋಗುತ್ತದೆ, ತಾಳಿಕೆ ಮಾತ್ರ ಮರಳಿರುವುದಿಲ್ಲ. ಹಳೆಯ ಅಳತೆ ಮತ್ತೆ ಕೊಲ್ಲುತ್ತದೆ. ಹಿಂದಿನ ಬಿಡುಗಡೆಯ ಎರಡನೆಯ ರಾತ್ರಿಯೇ ಬಿದ್ದವನಿಗೆ ತಂಡ ಬ್ಯುಪ್ರೆನಾರ್ಫಿನ್–ನಾಲೋಕ್ಸೋನ್ ಆರಿಸಿತು. ಅಮಲಿಲ್ಲದವನಿಗೆ ಮತ್ತೆ ಅಮಲಿನ ಜಾತಿಯ ಮದ್ದು ಕೊಡುವುದೇ ಎಂದು ಅಕ್ಕನ ಗಂಡ ಸಿಟ್ಟಾದರು. ಪ್ರಶ್ನೆ ನ್ಯಾಯವಾದದ್ದೇ. ಆಸೆಯನ್ನು ಹಿಡಿದಿಟ್ಟು, ಮೇಲೆ ಸೇದಿದರೂ ಉಸಿರು ನಿಲ್ಲುವ ಅಪಾಯ ತಗ್ಗಿಸುವ ಮದ್ದು ಇದು, ಜೊತೆಗೆ ದಿನಾ ಕಣ್ಣೆದುರು ಬರುವಂತೆ ಮಾಡುತ್ತದೆ ಎಂದು ವಿವರಿಸಿದ ಮೇಲೂ ಅವರು ಒಪ್ಪಲಿಲ್ಲ, ಅಡ್ಡಿಯನ್ನೂ ಮಾಡಲಿಲ್ಲ. ಈ ಮದ್ದು ಆ ಜೈಲಿನಲ್ಲಿ ಸಿಗುತ್ತಿರಲಿಲ್ಲ. ಒಳಗೇ ಶುರುಮಾಡಿದ್ದರೆ ಮೊದಲ ವಾರದ ಅಪಾಯ ಇನ್ನೂ ಕಡಿಮೆಯಾಗುತ್ತಿತ್ತು.

ಅಕ್ಕನ ಹತ್ತಿರ ಒಂದು ಬಟ್ಟೆಚೀಲ ತಯಾರಾಯಿತು: ಕಾಯಿಲೆಯ ಹೆಸರು ಮತ್ತು ಪ್ರಮಾಣ ಬರೆದ ಒಂದು ಹಾಳೆ, ನಿಕ್ಷಯ್ ಸಂಖ್ಯೆ (ಕ್ಷಯ ರೋಗಿಯ ಸರ್ಕಾರಿ ನೋಂದಣಿ ಸಂಖ್ಯೆ), ಮನೆ ಹತ್ತಿರದ ಕ್ಷಯ ಕೇಂದ್ರಕ್ಕೆ ವರ್ಗಾವಣೆ ಚೀಟಿ, ಆಧಾರ್ ನಕಲು, ಮುಂದಿನ ತಾರೀಖು ಬರೆದ ವಕೀಲರ ಚೀಟಿ, 15 ದಿನದ ಅಮಿಸಲ್‌ಪ್ರೈಡ್, 7 ದಿನದ ಕ್ಷಯದ ಗುಳಿಗೆ, ಚಾರ್ಜ್ ಆದ ಒಂದು ಸಾದಾ ಫೋನು. ಇದರಲ್ಲಿ ಜೈಲು ಕೊಡಬೇಕಾದದ್ದನ್ನೂ ಹೊರಗಿನಿಂದಲೇ ಜೋಡಿಸಿದ್ದರು, ಯಾಕೆಂದರೆ ಸಂಜೆಯ ಬಿಡುಗಡೆಯಲ್ಲಿ ಒಳಗಿನ ಔಷಧದ ಕಿಟಕಿಯನ್ನು ನಂಬುವ ಹಾಗಿರಲಿಲ್ಲ.

ಮೊದಲ ಮೂರು ದಿನ

ಬಿಡುಗಡೆ ಸಂಜೆ ಏಳೂಕಾಲಿಗೆ. ಮಧ್ಯಾಹ್ನ ಮೂರರಿಂದಲೇ ಅಕ್ಕ ಮತ್ತು ಸಮಾಜಕಾರ್ಯಕರ್ತೆ ಗೇಟಿನಲ್ಲಿದ್ದರು. ಲೋಕಲ್ ಹಿಡಿಯದೆ ಟ್ಯಾಕ್ಸಿಯಲ್ಲಿ ಹೋದರು. ಹಳೆಯ ಅಡ್ಡಾ ಸ್ಟೇಷನ್ನಿಗೆ ಅಂಟಿಕೊಂಡೇ ಇತ್ತು. ಹತ್ತಕ್ಕೆ ಹನ್ನೆರಡಡಿಯ ಖೋಲಿಯಲ್ಲಿ ಐದು ಜನ, ಅವನ ಹಾಸಿಗೆ ಬಾಗಿಲ ಹತ್ತಿರ. ಅಕ್ಕನಿಗೂ ಭಾವನಿಗೂ ಅಂದೇ ಕಲಿಸಿಕೊಟ್ಟದ್ದು: ಅಲುಗಾಡಿಸಿದರೂ ಏಳದಿದ್ದರೆ, ಗೊರಕೆ ಗುಳುಗುಳು ಎನ್ನುತ್ತಿದ್ದರೆ, ತುಟಿ ನೀಲಿಗಟ್ಟಿದರೆ 108ಕ್ಕೆ ಕರೆ, ಉಸಿರು ನಿಂತಿದ್ದರೆ ಗದ್ದ ಎತ್ತಿ ಮೂಗು ಹಿಡಿದು ಬಾಯಿಂದ ಐದು ಸೆಕೆಂಡಿಗೊಂದು ಉಸಿರು, ಉಸಿರಾಡುತ್ತಿದ್ದರೆ ಮಗ್ಗುಲಾಗಿಸಿ ಮಲಗಿಸುವುದು, ನೀರು ಕುಡಿಸಬಾರದು.

ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಮೊದಲ ಬ್ಯುಪ್ರೆನಾರ್ಫಿನ್. ತಾಳಿಕೆ ಇಲ್ಲದ ದೇಹ, ಹಾಗಾಗಿ 0.4ರ ಎರಡು ಗುಳಿಗೆ ಮಾತ್ರ. ಒಂದು ಗುಟುಕು ನೀರಲ್ಲಿ ಬಾಯಿ ಒದ್ದೆಮಾಡಿ, ನಾಲಗೆಯ ಕೆಳಗಿಟ್ಟು, ಕರಗುವ ತನಕ ಮಾತಿಲ್ಲದೆ ಕೂರಬೇಕು, ನುಂಗಿದರೆ ವ್ಯರ್ಥ. ಎರಡು ಗಂಟೆ ಅಲ್ಲೇ ಕೂರಿಸಿ ನೋಡಿದರು. ಮೂರನೆಯ ದಿನ 2 ಮಿಲಿಗ್ರಾಂ, ಹತ್ತನೆಯ ದಿನ 4. ಅದೇ ಕುರ್ಚಿಯಲ್ಲಿ, ಅದೇ ವೈದ್ಯರ ಮುಂದೆ, ಅದೇ ಫೈಲಿನಲ್ಲಿ ದನಿಗಳ ಮಾತೂ ಆಸೆಯ ಮಾತೂ ಆಗುತ್ತಿತ್ತು. ಕನ್ನಡದಲ್ಲಿ. ಸಮಾಜಕಾರ್ಯಕರ್ತೆ ಹುಬ್ಬಳ್ಳಿಯವರಾಗಿದ್ದದ್ದು ಅದೃಷ್ಟ. ಅದೂ ಇಲ್ಲದ ಕಡೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ಎಲ್ಲಿ ಎಡವಿತು

ಐದನೆಯ ವಾರ ಒಂದು ಪುಡಿ ಸೇದಿದ. ರಾತ್ರಿ ದನಿ ಜೋರಾಗಿತ್ತು, ಬೆಳಗಿನ ಜಾವ ಮೈ ಹಿಂಡುತ್ತಿತ್ತು ಎಂದ. ಹೊರಹಾಕಲಿಲ್ಲ, ಬೈಯಲಿಲ್ಲ, ಕಾರಣ ಹುಡುಕಿದರು. ಅಲ್ಲೂ ರಿಫಾಂಪಿಸಿನ್ನೇ ಇತ್ತು: ಅದು ಬ್ಯುಪ್ರೆನಾರ್ಫಿನ್ನನ್ನೂ ಬೇಗ ಕರಗಿಸುತ್ತದೆ, ಬೆಳಿಗ್ಗೆ ಕೊಟ್ಟ ಮದ್ದು ಮಾರನೆಯ ಬೆಳಗಿನವರೆಗೆ ಬರುತ್ತಿರಲಿಲ್ಲ. ಆಗ 6 ಇದ್ದ ಪ್ರಮಾಣ ಹಂತಹಂತವಾಗಿ 12ಕ್ಕೆ ಏರಿತು. ಆಸೆ ತಗ್ಗಿತು.

ಕೂಲಿಯ ಪೇಚು ಬೇರೆ. ನಾಕಾದಲ್ಲಿ ಎಂಟೂವರೆಯೊಳಗೆ ಮುಕಾದಮ ಜನ ಆರಿಸಿಕೊಂಡು ಹೋಗುತ್ತಾನೆ. ಕ್ಲಿನಿಕ್ ತೆರೆಯುವುದು ಒಂಬತ್ತೂವರೆಗೆ. ಮದ್ದಿಗೆ ಹೋದರೆ ಕೂಲಿ ಇಲ್ಲ. ದಿನ ಬಿಟ್ಟು ದಿನ ಎರಡರಷ್ಟು ಕೊಡುವ ಪದ್ಧತಿ ಬ್ಯುಪ್ರೆನಾರ್ಫಿನ್ನಿನಲ್ಲಿ ಉಂಟು. ಪ್ರಯತ್ನಿಸಿದರು, ಮದ್ದಿಲ್ಲದ ದಿನ ಸಂಜೆಗೇ ಬೆವರು, ಆಕಳಿಕೆ. ರಿಫಾಂಪಿಸಿನ್ ನಡೆಯುವಾಗ ಅದು ಆಗದ ಮಾತು ಎಂದು ಕೈಬಿಟ್ಟರು. ಕಡೆಗೆ ಕ್ಲಿನಿಕ್ಕಿನ ನರ್ಸ್ ಒಬ್ಬರಿಗೆ ಏಳೂವರೆಗೆ ಕಿಟಕಿ ತೆರೆಯುವ ಪಾಳಿ ಹಾಕಿದರು. ಆ ಬದಲಾವಣೆಯಿಂದ ಬೇರೆ ಹನ್ನೊಂದು ರೋಗಿಗಳಿಗೂ ಕೂಲಿ ಉಳಿಯಿತು. ತಾರೀಖಿನ ದಿನಗಳಲ್ಲೂ ಈ ಕಿಟಕಿಯೇ ಆಸರೆ, ಕೋರ್ಟಿನಲ್ಲಿ ಸಂಜೆವರೆಗೆ ಕಾಯಬೇಕಾಗುತ್ತದೆ.

ಅತಿ ಹತ್ತಿರದಿಂದ ತಪ್ಪಿದ ಅನಾಹುತ ಮಾತ್ರ ಇನ್ನೊಂದು. ಕ್ಷಯದ ಮದ್ದು ಮುಗಿದಾಗ ಎದ್ದಿದ್ದ ಕಿಣ್ವ ಸುಮಾರು ಎರಡು ವಾರದಲ್ಲಿ ಮತ್ತೆ ಮಲಗುತ್ತದೆ. ಅಲ್ಲಿಯವರೆಗೆ ಸೋರಿಹೋಗುತ್ತಿದ್ದ ಬ್ಯುಪ್ರೆನಾರ್ಫಿನ್ ಈಗ ಪೂರ್ತಿ ನಿಲ್ಲುತ್ತದೆ. ತಂಡಕ್ಕೆ ಇದು ಗೊತ್ತಿತ್ತು, ಪ್ರಮಾಣ ಇಳಿಸುವ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿತ್ತು. ಆದರೆ ಕ್ಷಯ ಕೇಂದ್ರ ಜೈಲಿನಲ್ಲಿ ನುಂಗಿದ ದಿನಗಳನ್ನು ಬೇರೆ ರೀತಿ ಎಣಿಸಿ, ತಂಡದ ಲೆಕ್ಕಕ್ಕಿಂತ ಎರಡು ವಾರ ಮೊದಲೇ ಮದ್ದು ಮುಗಿಸಿತು. ರಿಫಾಂಪಿಸಿನ್ನಿನಿಂದ ಬರುವ ಕಿತ್ತಳೆ ಬಣ್ಣದ ಮೂತ್ರ ನಿಂತದ್ದನ್ನು ತಮ್ಮ ಸಂತೋಷದಿಂದ ಮನೆಯಲ್ಲಿ ಹೇಳಿದ್ದ, ಕ್ಲಿನಿಕ್ಕಿನಲ್ಲಿ ಹೇಳಲಿಲ್ಲ. ಒಂಬತ್ತನೆಯ ದಿನ ಅಕ್ಕನ ಫೋನು: ‘ತಮ್ಮ ಊಟದಾಗ ತೂಕಡಿಸ್ಲತ್ತಾನ್ರೀ. ರೊಟ್ಟಿ ಕೈಯಾಗ ಹಂಗೇ ಐತಿ. ಮತ್ತ ಶುರು ಮಾಡ್ಯಾನೋ ಏನೋ, ನನಗ ಗೊತ್ತಾಗವಲ್ದು.’ ಪಕ್ಕದಲ್ಲಿ ಭಾವ ಅವನ ಹಾಸಿಗೆ ಸುತ್ತಿ ಬಾಗಿಲ ಹೊರಗಿಟ್ಟಾಗಿತ್ತು.

ಮೂತ್ರದಲ್ಲಿ ಮಾರ್ಫಿನ್ ಇರಲಿಲ್ಲ, ಬಟನ್ ಜಾತಿಯದೂ ಇರಲಿಲ್ಲ. ಬ್ಯುಪ್ರೆನಾರ್ಫಿನ್ ಸಾಮಾನ್ಯ ಮಾರ್ಫಿನ್ ಪಟ್ಟಿಯಲ್ಲಿ ತೋರುವುದಿಲ್ಲ. ಗರ್ದ್ ಸೇದಿದವನ ತೂಕಡಿಕೆ, ಮದ್ದು ಹೆಚ್ಚಾದವನ ತೂಕಡಿಕೆ ಕಣ್ಣಿಗೆ ಒಂದೇ ಥರ. ಕ್ಷಯದ ಕಾರ್ಡು ತೆಗೆದು ನೋಡಿದಾಗ ಕೊನೆಯ ಗುಳಿಗೆಯ ತಾರೀಖು ಸಿಕ್ಕಿತು. ಅಂದೇ 12ರಿಂದ 10, ನಾಲ್ಕು ದಿನಕ್ಕೆ 8. ತೂಕಡಿಕೆ ಹೋಯಿತು. ಆ ಪರೀಕ್ಷೆಯ ಪಟ್ಟಿಯನ್ನು ಸಮಾಜಕಾರ್ಯಕರ್ತೆ ಖೋಲಿಗೇ ಒಯ್ದು ಭಾವನಿಗೆ ತೋರಿಸಿದರು. ಹಾಸಿಗೆ ಒಳಗೆ ಬಂತು.

ಈ ಪ್ರಕರಣದಿಂದ ಬದಲಾದದ್ದು

ತಂಡ ಈಗ ಜೈಲಿನಿಂದ ಬರುವ ಪ್ರತಿಯೊಬ್ಬರ ಫೈಲಿನ ಮೊದಲ ಪುಟದಲ್ಲಿ ಮೂರು ತಾರೀಖು ಬರೆಯುತ್ತದೆ: 479ರ ಲೆಕ್ಕದ ದಿನ, ಮುಂದಿನ ಕೋರ್ಟ್ ದಿನ, ಕ್ಷಯದ ಕೊನೆಯ ಗುಳಿಗೆಯ ದಿನ. ಮೂರನೆಯದನ್ನು ಕ್ಷಯ ಕೇಂದ್ರಕ್ಕೆ ಪ್ರತಿ ವಾರ ಫೋನು ಮಾಡಿ ಸರಿನೋಡುತ್ತಾರೆ. ಬಿಡುಗಡೆಯ ಚೀಲವನ್ನು ಬಂಧನದ ಮೊದಲ ವಾರವೇ ಕಟ್ಟಿಡುತ್ತಾರೆ, ಗುಳಿಗೆಯ ಅವಧಿ ನೋಡಿಕೊಂಡು ಬದಲಿಸುತ್ತಾರೆ. ಹಠಾತ್ತನೆ ಬೇಲ್ ಸಿಕ್ಕರೂ ಚೀಲ ಸಿದ್ಧವಿರುತ್ತದೆ. ಮನೋರೋಗದ ಮದ್ದು ಕೆಲಸ ನಿಲ್ಲಿಸಿದಾಗ ‘ಉಗುಳುತ್ತಿದ್ದಾನೆ’ ಎನ್ನುವ ಮೊದಲು ಕಳೆದ ತಿಂಗಳು ಯಾವ ಹೊಸ ಗುಳಿಗೆ ಸೇರಿತು ಎಂದು ಕೇಳುವುದು ರೂಢಿಯಾಗಿದೆ. ಎರಡು ವಿಭಾಗಗಳ ನಡುವೆ ರೋಗಿಯನ್ನು ನಡೆಸುವ ಬದಲು, ವಾರಕ್ಕೆ ಎರಡು ದಿನ ಮನೋವೈದ್ಯರೇ ವ್ಯಸನ ಚಿಕಿತ್ಸೆಯ ಕೋಣೆಯಲ್ಲಿ ಕೂರುತ್ತಾರೆ.

ಬಗೆಹರಿಯದೆ ಉಳಿದದ್ದೂ ಇದೆ. ಒಳಗೇ ಬ್ಯುಪ್ರೆನಾರ್ಫಿನ್ ಶುರುವಾಗುವ ವ್ಯವಸ್ಥೆ ಆ ಜೈಲಿಗೆ ಇನ್ನೂ ಬಂದಿಲ್ಲ. ಅಕ್ಕ ಮೂರು ಮನೆಯ ಅಡಿಗೆ ಕೆಲಸದಲ್ಲಿ ಒಂದನ್ನು ಬಿಟ್ಟಿದ್ದಾರೆ. ಆ ಆದಾಯದ ಲೆಕ್ಕ ಯಾವ ಚಿಕಿತ್ಸಾ ಯೋಜನೆಯಲ್ಲೂ ಬರುವುದಿಲ್ಲ. ಕ್ಷಯ ರೋಗಿಗಳಿಗೆ ಆಹಾರಕ್ಕಾಗಿ ತಿಂಗಳಿಗೆ 1000 ರೂಪಾಯಿ ಕೊಡುವ ಸರ್ಕಾರದ ಯೋಜನೆಯ ಹಣವೂ, ಬ್ಯಾಂಕ್ ಖಾತೆ ಇಲ್ಲದ್ದರಿಂದ, ಮದ್ದು ಮುಗಿದ ಮೇಲೆಯೇ ಕೈಗೆ ಬಂದದ್ದು.

ಬಿಡುಗಡೆಯಾಗಿ ಹನ್ನೊಂದು ತಿಂಗಳು. ಬ್ಯುಪ್ರೆನಾರ್ಫಿನ್ 8, ಈಗ ದಿನ ಬಿಟ್ಟು ದಿನ ಎರಡರಷ್ಟು, ರಿಫಾಂಪಿಸಿನ್ ಇಲ್ಲದ್ದರಿಂದ ಅದು ನಿಲ್ಲುತ್ತಿದೆ. ಅಮಿಸಲ್‌ಪ್ರೈಡ್ 600. ಎರಡು ಸಲ ಸೇದಿದ್ದು ಲೆಕ್ಕದಲ್ಲಿದೆ, ಎರಡನ್ನೂ ತಾನೇ ಬಂದು ಹೇಳಿದ. ದನಿ ಪೂರ್ತಿ ಹೋಗಿಲ್ಲ. ರಾತ್ರಿ ಒಂದೊಂದು ಸಲ ಅವ್ವನ ದನಿ ಬರುತ್ತದೆ, ಆದರೆ ಹೊಳೆ ದಂಡೆಗೆ ಕರೆಯುವುದಿಲ್ಲ, ಸುಮ್ಮನೆ ಹೆಸರು ಹಿಡಿದು ಕೂಗುತ್ತಾಳಂತೆ. ಒಂಬತ್ತು ತಾರೀಖುಗಳಲ್ಲಿ ಒಂಬತ್ತಕ್ಕೂ ಹೋಗಿದ್ದಾನೆ. ಪ್ರಕರಣ ಇನ್ನೂ ನಡೆದಿದೆ. ಮುಂದಿನ ತಾರೀಖಿಗೆ ಸಾಕ್ಷಿ ವಿಚಾರಣೆ, ಅಂದು ಏಳೂವರೆಗೆ ಕಿಟಕಿಯಲ್ಲಿ ಅವನ ಹೆಸರು ಮೊದಲು ಬರೆದಿದೆ.